ನಕ್ಷೆಯಲ್ಲಿ ಅತ್ತೆಗೆ ಜಾಗವಿರಲಿಲ್ಲ

ತಿಂಗಳಿಗೊಂದು ದಿನ ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಕ್ಕಡಿ ತೂಗಾಡುತ್ತಿತ್ತು. ಎರಡು ವರ್ಷ ತುಂಬದ ಕೂಸುಗಳನ್ನು ಕಂಕುಳಲ್ಲಿ ಇರುಕಿಕೊಂಡು ತಾಯಂದಿರು ಬರುತ್ತಿದ್ದರು. ಅದೇ ಊರಿನ ಹೆಣ್ಣುಮಗಳೊಬ್ಬಳು ತೂಕ ನೋಡಿ ಬರೆದುಕೊಳ್ಳುತ್ತಿದ್ದಳು. ಕೂಸು ಸೊರಗಿದೆ ಎಂದು ಕಂಡರೆ ಅಕ್ಕಿಹಿಟ್ಟು, ಬೇಳೆಹಿಟ್ಟು, ಬೆಲ್ಲ, ಎಣ್ಣೆ ಸೇರಿಸಿ ಮಾಡಿದ ಪೊಟ್ಟಣ ಕೊಡುತ್ತಿದ್ದರು. ಆ ಪೊಟ್ಟಣಕ್ಕೆ ‘ಪುಷ್ಟಿ’ ಎಂದು ಹೆಸರು. ಬಂಗಾಳಿಯಲ್ಲೂ ಕನ್ನಡದಲ್ಲೂ ಅದು ಒಂದೇ ಮಾತು. ಜೊತೆಗೆ ತಾಯಿಗೆ ತಿಳಿವಳಿಕೆ: ಎದೆಹಾಲು ಎಲ್ಲಿಯವರೆಗೆ ಕೊಡಬೇಕು, ಮೇಲೂಟ ಯಾವಾಗ ಶುರುಮಾಡಬೇಕು, ಬಸುರಿಯಾದಾಗ ತಾನು ಎಷ್ಟು ಉಣ್ಣಬೇಕು.

1995ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಈ ಬಾಂಗ್ಲಾದೇಶ ಸಮಗ್ರ ಪೌಷ್ಟಿಕತಾ ಯೋಜನೆಗೆ ಖರ್ಚಾದದ್ದು ಸುಮಾರು 6 ಕೋಟಿ ಡಾಲರ್. ಹೆಂಗಸರು ಬಂದರು, ಕೇಳಿದರು, ಕಲಿತರು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೂ ಕೊಟ್ಟರು. ಆದರೆ ಮಕ್ಕಳ ಮೈ ಹಿಡಿಯಬೇಕಾದಷ್ಟು ಹಿಡಿಯಲಿಲ್ಲ. 2003ರಲ್ಲಿ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ ಈ ಯೋಜನೆಯ ಫಲದ ಬಗ್ಗೆ ಬಹಿರಂಗವಾಗಿ ಪ್ರಶ್ನೆ ಎತ್ತಿತು, ವಾದವಿವಾದ ನಡೆಯಿತು. 2005ರಲ್ಲಿ ವಿಶ್ವಬ್ಯಾಂಕಿನದೇ ಮೌಲ್ಯಮಾಪನ ವಿಭಾಗ ಹೊವಾರ್ಡ್ ವೈಟ್ ಅವರ ಮುಂದಾಳ್ತನದಲ್ಲಿ ಲೆಕ್ಕಗಳನ್ನು ಮತ್ತೆ ಬಿಡಿಸಿ ನೋಡಿತು. ‘ಗೆದ್ದಿತೇ, ಸೋತಿತೇ’ ಎಂಬ ಒಂದೇ ಪ್ರಶ್ನೆಯಲ್ಲಿ ನಿಲ್ಲದೆ, ‘ಯಾವ ಹೆಜ್ಜೆಯಲ್ಲಿ ಕೊಂಡಿ ಕಳಚಿತು’ ಎಂದು ಕೇಳಿದ್ದು ಆ ಅಧ್ಯಯನದ ಹೆಚ್ಚುಗಾರಿಕೆ.

ಯೋಜನೆಯ ಹಿಂದಿದ್ದ ನಂಬಿಕೆಯನ್ನು ಹೀಗೆ ಪೋಣಿಸಬಹುದು. ಮಕ್ಕಳು ಸೊರಗುವುದಕ್ಕೆ ಬಡತನದ ಜೊತೆ ತಿಳಿವಳಿಕೆಯ ಕೊರತೆಯೂ ಕಾರಣ. ತಾಯಿಗೆ ತಿಳಿಸಿದರೆ ಅವಳು ಉಣಿಸುವ ರೀತಿ ಬದಲಾಗುತ್ತದೆ. ರೀತಿ ಬದಲಾದರೆ ಮಗು ಹೆಚ್ಚು ಉಣ್ಣುತ್ತದೆ. ಹೆಚ್ಚು ಉಂಡರೆ ತೂಕ ಏರುತ್ತದೆ. ಓದುವಾಗ ಎಲ್ಲೂ ತಡೆಯುವುದಿಲ್ಲ. ಈಗ ಆ ತಾಯಿಯ ಹಿಂದೆಯೇ ಅವಳ ಮನೆಯ ತನಕ ಹೋಗಿ ನೋಡಿ. ಗ್ರಾಮೀಣ ಬಾಂಗ್ಲಾದೇಶದಲ್ಲಿ ಸಂತೆಗೆ ಹೋಗುವವನು ಗಂಡಸು. ಏನು ತರಬೇಕು, ಎಷ್ಟು ತರಬೇಕು ಎನ್ನುವುದು ಅವನ ಜೇಬಿನ ವಿಷಯ. ಅತ್ತೆಯಿರುವ ಮನೆಯಲ್ಲಿ ಅಡುಗೆಮನೆಯ ಯಜಮಾನಿಕೆ ಅತ್ತೆಯದು. ಯಾರ ತಟ್ಟೆಗೆ ಎಷ್ಟು ಎನ್ನುವುದೂ ಅವಳದೇ ಮಾತು. ಅತ್ತೆಯೊಂದಿಗೆ ಇರುವ ಸೊಸೆಯಂದಿರು ತೂಕದ ದಿನಕ್ಕೆ ಬರುವುದೂ ಕಡಿಮೆ ಎಂದು ಅಧ್ಯಯನ ಕಂಡುಕೊಂಡಿತು. ತಿಳಿವಳಿಕೆ ಯಾರಿಗೆ ಸಿಕ್ಕಿತೋ ಅವಳ ಕೈಯಲ್ಲಿ ಸೌಟು ಇರಲಿಲ್ಲ. ಸೌಟು ಹಿಡಿದವಳನ್ನು ಯಾರೂ ಕರೆದು ಕೂರಿಸಿರಲಿಲ್ಲ.

ಇನ್ನೂ ಕೆಲವು ಕಡೆ ಕೊಂಡಿ ಸಡಿಲವಾಗಿತ್ತು. ಅರ್ಹರಾದ ಎಷ್ಟೋ ಮಕ್ಕಳಿಗೆ ಪೊಟ್ಟಣ ತಲುಪಲಿಲ್ಲ. ತಲುಪಿದ ಕಡೆ ಕೆಲವರ ಮನೆಯಲ್ಲಿ ಅದು ಊಟದ ಮೇಲಿನ ಹೆಚ್ಚುವರಿಯಾಗದೆ ಊಟಕ್ಕೇ ಬದಲಿಯಾಯಿತು. ‘ಹೆಚ್ಚು ಉಣ್ಣಬೇಕು’ ಎಂದು ಬಸುರಿಗೆ ಗೊತ್ತಾಯಿತು, ಹೆಚ್ಚು ಉಣ್ಣಲು ಮನೆಯಲ್ಲಿ ಇರಲಿಲ್ಲ. ಆದರೆ ಓದಿದಾಗಿನಿಂದ ನನ್ನ ಮನಸ್ಸಿನಲ್ಲಿ ಕೂತಿರುವುದು ಅತ್ತೆಯ ವಿಷಯವೇ. ನಮ್ಮ ಕಡೆಯ ಯಾವ ಸೊಸೆಯನ್ನು ಕೇಳಿದ್ದರೂ ಅರೆಗಳಿಗೆಯಲ್ಲಿ ಹೇಳುತ್ತಿದ್ದಳಲ್ಲ ಇದನ್ನು!

ಈ ಯೋಜನೆಯ ಮಾದರಿ ಬಂದದ್ದು ನಮ್ಮ ನೆರೆಯ ತಮಿಳುನಾಡಿನಿಂದ. 1980ರಲ್ಲಿ, ಅದೂ ವಿಶ್ವಬ್ಯಾಂಕಿನ ನೆರವಿನಿಂದಲೇ, ಅಲ್ಲಿ ಇಂಥದೇ ಕಾರ್ಯಕ್ರಮ ಶುರುವಾಗಿತ್ತು. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ, ತೂಕ ಕುಂದಿದವರಿಗೆ ಮಾತ್ರ ಸುಮಾರು 90 ದಿನ ಪೂರಕ ಆಹಾರ ಕೊಟ್ಟು, ಚೇತರಿಸಿಕೊಂಡ ಮೇಲೆ ನಿಲ್ಲಿಸುವ ಕ್ರಮ. ಊರ ಕಾರ್ಯಕರ್ತೆಯನ್ನು ಆರಿಸುವಾಗ ಅವಳೂ ಬಡವಳಾಗಿರಬೇಕು, ಆದರೆ ಅವಳ ಮಕ್ಕಳು ಆರೋಗ್ಯವಾಗಿರಬೇಕು ಎಂದು ನೋಡುತ್ತಿದ್ದರು. ‘ನಮ್ಮಂಥವಳೇ, ಆದರೂ ಮಕ್ಕಳನ್ನು ಚೆನ್ನಾಗಿ ಸಾಕಿದ್ದಾಳೆ’ ಎಂದು ನೆರೆಯವರಿಗೆ ಅನ್ನಿಸಲಿ ಎಂಬುದು ಉದ್ದೇಶ. ಎಷ್ಟು ಹದವಾದ ಆಲೋಚನೆ! ಅಲ್ಲಿ ತೀವ್ರ ಅಪೌಷ್ಟಿಕತೆ ಗಣನೀಯವಾಗಿ ಇಳಿಯಿತು. ಅದನ್ನೇ ಬಾಂಗ್ಲಾದೇಶಕ್ಕೆ ಒಯ್ದರು. ತಕ್ಕಡಿ ಹೋಯಿತು, ಪೊಟ್ಟಣ ಹೋಯಿತು, ಪಾಠವೂ ಹೋಯಿತು. ತಮಿಳುನಾಡಿನ ತಾಯಿಗೆ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ಇದ್ದ ಅಧಿಕಾರ ಮಾತ್ರ ಗಡಿ ದಾಟಲಿಲ್ಲ. ವಿಜ್ಞಾನದ ತತ್ತ್ವಶಾಸ್ತ್ರ ಬಲ್ಲ ನ್ಯಾನ್ಸಿ ಕಾರ್ಟ್‌ರೈಟ್, ಜೆರೆಮಿ ಹಾರ್ಡಿ ಜೊತೆಗೂಡಿ 2012ರಲ್ಲಿ ಬರೆದ ಪುಸ್ತಕದಲ್ಲಿ ಈ ಎರಡು ಯೋಜನೆಗಳನ್ನೇ ಎದುರುಬದುರು ಇಟ್ಟು ವಾದ ಕಟ್ಟಿದ್ದಾರೆ: ‘ಅಲ್ಲಿ ಫಲಿಸಿತು’ ಎಂಬುದರಿಂದ ‘ಇಲ್ಲೂ ಫಲಿಸುತ್ತದೆ’ ಎಂಬಲ್ಲಿಗೆ ಹಾರಲು ನಡುವೆ ಇನ್ನೂ ಎಷ್ಟೋ ಸಂಗತಿ ಗೊತ್ತಿರಬೇಕು.

ನೆರವಿನ ಜಗತ್ತಿನಲ್ಲಿ ‘ಥಿಯರಿ ಆಫ್ ಚೇಂಜ್’ ಎಂದು ಕರೆಯುವುದು ಈ ನಡುವಿನ ಸಂಗತಿಯನ್ನೇ. ‘ಬದಲಾವಣೆಯ ಸಿದ್ಧಾಂತ’ ಎಂದು ಅನುವಾದಿಸಿದರೆ ಪಂಡಿತರ ಗೋಷ್ಠಿಯ ಮಾತಿನಂತೆ ಕೇಳುತ್ತದೆ. ಆದರೆ ನಮ್ಮ ಭಾಷೆಯ ಪುಟ್ಟ ಪ್ರತ್ಯಯವೊಂದರಲ್ಲಿ ಇಡೀ ವಿಚಾರ ಅಡಗಿದೆ. ಅದು ‘ರೆ’. ರಾಗಿ ಬಿತ್ತಿದ ರೈತನನ್ನು ‘ಈ ಸಲ ಬೆಳೆ ಹೇಗೆ?’ ಎಂದು ಕೇಳಿ. ‘ಬರುತ್ತದೆ’ ಎಂದು ಅವನು ಎಂದೂ ಹೇಳುವುದಿಲ್ಲ. ‘ಉತ್ತರೆ ಮಳೆ ಹಿಡಿದರೆ, ಹುಳ ಬೀಳದಿದ್ದರೆ, ಕೊಯ್ಲಿಗೆ ಆಳು ಸಿಕ್ಕರೆ’ ಎನ್ನುತ್ತಾನೆ. ಬೀಜಕ್ಕೂ ಕಣಕ್ಕೂ ನಡುವೆ ಎಷ್ಟು ‘ರೆ’ಗಳಿವೆ ಎಂದು ಅವನಿಗೆ ಬಾಯಿಪಾಠ. ಯೋಜನಾ ವರದಿಗಳ ಭಾಷೆ ಬೇರೆ. ಅಲ್ಲಿ ‘ತರಬೇತಿ ನೀಡಲಾಗುವುದು, ಅದರಿಂದ ಆದಾಯ ಹೆಚ್ಚುವುದು, ಮಹಿಳೆಯರು ಸಬಲರಾಗುವರು’ ಎಂದು ಒಂದರ ಹಿಂದೊಂದು ಬಾಣ ಓಡುತ್ತದೆ. ಪ್ರತಿ ಬಾಣದ ಅಡಿಯಲ್ಲೂ ಒಂದು ‘ರೆ’ ಇದೆ. ಅದನ್ನು ಹೊರಗೆಳೆದು ಕಾಗದದ ಮೇಲಿಟ್ಟು, ‘ಇದು ನಿಜವೇ? ಯಾರನ್ನು ಕೇಳಿದರೆ ಗೊತ್ತಾದೀತು?’ ಎಂದು ವಿಚಾರಿಸುವ ಅಭ್ಯಾಸವೇ ಈ ಥಿಯರಿ ಆಫ್ ಚೇಂಜ್.

ಇದರ ಹಿಂದಿನ ತಲೆಮಾರಿನ ಸಾಧನಕ್ಕೆ ಲಾಗ್‌ಫ್ರೇಮ್ ಎಂದು ಹೆಸರು. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ ಲಿಯಾನ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ರೂಪಿಸಿದ್ದು. ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಚೌಕ. ಏನು ಮಾಡುತ್ತೇವೆ, ಅದರಿಂದ ಏನಾಗುತ್ತದೆ, ಆದದ್ದನ್ನು ಅಳೆಯುವುದು ಹೇಗೆ, ಎಲ್ಲವೂ ಒಂದೇ ಹಾಳೆಯಲ್ಲಿ. ಜರ್ಮನಿ, ಬ್ರಿಟನ್, ವಿಶ್ವಸಂಸ್ಥೆಯ ಅಂಗಸಂಸ್ಥೆಗಳೆಲ್ಲ ಅದನ್ನು ಬಗೆಬಗೆಯಾಗಿ ಅಳವಡಿಸಿಕೊಂಡವು. ನ್ಯಾಯವಾಗಿ ಹೇಳಬೇಕಾದರೆ ಆ ಹಾಳೆಯ ಕೊನೆಯ ಕಂಬ ಊಹೆಗಳಿಗೇ ಮೀಸಲು. ಆದರೆ ಕೊನೆಯ ಕಂಬಕ್ಕೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ; ‘ಸರ್ಕಾರದ ಸಹಕಾರ ಮುಂದುವರಿಯುತ್ತದೆ, ಮಳೆ ಸಕಾಲಕ್ಕೆ ಬರುತ್ತದೆ’ ಎಂದು ತುಂಬಿ ಏಳುತ್ತಾರೆ.

1995ರಲ್ಲಿ ಅಮೆರಿಕದ ಆಸ್ಪೆನ್ ಇನ್‌ಸ್ಟಿಟ್ಯೂಟ್ ಹೊರತಂದ ಸಂಕಲನವೊಂದರಲ್ಲಿ ಹಾರ್ವರ್ಡ್‌ನ ಕೆರೊಲ್ ವೈಸ್ ಒಂದು ಪ್ರಬಂಧ ಬರೆದರು. ಅವರ ಕಣ್ಣಿದ್ದದ್ದು ಬಡ ದೇಶಗಳ ಮೇಲಲ್ಲ, ಅಮೆರಿಕದ್ದೇ ಬಡ ಕೇರಿಗಳಲ್ಲಿ ನಡೆಯುತ್ತಿದ್ದ ಸಮುದಾಯ ಅಭಿವೃದ್ಧಿ ಯೋಜನೆಗಳ ಮೇಲೆ. ಅಷ್ಟೊಂದು ಕೆಲಸ ಒಟ್ಟಿಗೆ ನಡೆಯುವಾಗ ಯಾವುದರಿಂದ ಏನಾಯಿತು ಎಂದು ಅಳೆಯುವುದು ಯಾಕೆ ಕಷ್ಟವಾಗುತ್ತದೆ? ಯೋಜನೆ ಮಾಡಿದವರೇ ತಮ್ಮ ನಂಬಿಕೆಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳಿರುವುದಿಲ್ಲ, ಅದಕ್ಕೆ ಎಂದರು ವೈಸ್. ಮೊದಲು ನಂಬಿಕೆಯನ್ನು ಬಿಡಿಸಿ ಬರೆಯಿರಿ, ಆಮೇಲೆ ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ. ಈ ಮಾತು ಹತ್ತಿಪ್ಪತ್ತು ವರ್ಷಗಳಲ್ಲಿ ಅಂತರರಾಷ್ಟ್ರೀಯ ನೆರವಿನ ಕೇಂದ್ರಕ್ಕೇ ಬಂತು. ಬ್ರಿಟನ್ನಿನ ಆಗಿನ ನೆರವು ಇಲಾಖೆ ಡಿಎಫ್‌ಐಡಿ 2010ರ ದಶಕದ ಆರಂಭದಿಂದ ತನ್ನ ಯೋಜನಾ ಪ್ರಸ್ತಾವಗಳಲ್ಲಿ ಅದನ್ನು ಕೇಳತೊಡಗಿತು. ಬಾಂಗ್ಲಾ ಅಧ್ಯಯನ ನಡೆಸಿದ ವೈಟ್ 2008ರಲ್ಲಿ ಸ್ಥಾಪನೆಯಾದ ‘ತ್ರೀಐಇ’ ಎಂಬ ಮೌಲ್ಯಮಾಪನ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಇದೇ ರೀತಿಯ ವಿಚಾರಣೆಯನ್ನು ಹರಡಿದರು.

ಒಳ್ಳೆಯ ಮನಸ್ಸು ಇದ್ದ ಮಾತ್ರಕ್ಕೆ ‘ರೆ’ ಬಿಡುವುದಿಲ್ಲ. ಇದಕ್ಕೆ ನನಗೆ ಅತ್ಯಂತ ನೋವು ತರುವ ನಿದರ್ಶನವೂ ಬಾಂಗ್ಲಾದೇಶದ್ದೇ. 1970ರ ದಶಕ. ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಗೆ ಸಾಯುತ್ತಿದ್ದರು. ಯುನಿಸೆಫ್ ಮತ್ತು ಅಲ್ಲಿನ ಸಾರ್ವಜನಿಕ ಆರೋಗ್ಯ ಇಂಜಿನಿಯರಿಂಗ್ ಇಲಾಖೆ ಸೇರಿ ಹಳ್ಳಿಹಳ್ಳಿಗೆ ಕೊಳವೆಬಾವಿ ಇಳಿಸಿದವು. ಜನರಿಗೂ ಅದು ಒಪ್ಪಿತವಾಗಿ, ಸ್ವಂತ ಖರ್ಚಿನಲ್ಲೇ ಲಕ್ಷಾಂತರ ಕೈಪಂಪುಗಳನ್ನು ಹಾಕಿಸಿಕೊಂಡರು. ‘ಬಾವಿ ತೋಡಿದರೆ ನೀರು, ನೀರು ಶುದ್ಧವಾದರೆ ಜೀವ.’ ಎರಡನೆಯ ಬಾಣದ ಕೆಳಗೆ ಒಂದು ಊಹೆ ಮಲಗಿತ್ತು: ನೆಲದಾಳದ ನೀರಿನಲ್ಲಿ ರೋಗಾಣುವಿಲ್ಲ, ಆದ್ದರಿಂದ ಅದು ಶುದ್ಧ. ಆರ್ಸೆನಿಕ್‌ಗಾಗಿ ನೀರು ಪರೀಕ್ಷಿಸುವುದು ಅಂದಿನ ರೂಢಿಯಲ್ಲೇ ಇರಲಿಲ್ಲ. 1993ರಲ್ಲಿ ಚಾಪೈ ನವಾಬ್‌ಗಂಜ್‌ನ ಬಾವಿಗಳಲ್ಲಿ ಆರ್ಸೆನಿಕ್ ಇರುವುದು ದೃಢಪಟ್ಟಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನದ ಅಂದಾಜಿನಂತೆ ಅಪಾಯದಲ್ಲಿದ್ದವರು 3.5 ಕೋಟಿಯಿಂದ 7.7 ಕೋಟಿ ಜನ. ಅಂಗೈ ಅಂಗಾಲು ಗಂಟುಗಟ್ಟಿ ಒರಟಾಗುವುದು, ಮೈಮೇಲೆ ಮಚ್ಚೆ ಬೀಳುವುದು, ವರ್ಷಗಳ ಮೇಲೆ ಕ್ಯಾನ್ಸರ್. ಮಕ್ಕಳನ್ನು ಉಳಿಸಲು ಹೊರಟ ಕೈಗಳೇ ತೋಡಿದ ಬಾವಿಗಳು ಅವು.

ನಮ್ಮ ಪಾವಗಡ, ಬಾಗೇಪಲ್ಲಿ ಸೀಮೆಯವರಿಗೆ ಈ ಕಥೆ ದೂರದ್ದೆನಿಸದು. ತೆರೆದ ಬಾವಿ ಬತ್ತಿ, ಕೊಳವೆಬಾವಿ ಆಳಕ್ಕಿಳಿದ ಹಾಗೆ ಕೊಡದೊಳಗೆ ಬಂದದ್ದು ಫ್ಲೋರೈಡ್. ಮಕ್ಕಳ ಹಲ್ಲಿನ ಕಂದು ಪಟ್ಟಿಗಳಲ್ಲಿ ಅದನ್ನು ಕಾಣಬಹುದು.

ಬಾಂಗ್ಲಾದೇಶ ಮುಂದೆ ಮಾಡಿದ ಕೆಲಸವನ್ನೂ ಹೇಳಬೇಕು. 2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಕೈಪಂಪುಗಳ ನೀರನ್ನು ಪರೀಕ್ಷಿಸಿ, ವಿಷವಿದ್ದ ಪಂಪಿನ ಬಾಯಿಗೆ ಕೆಂಪು, ಇಲ್ಲದ್ದಕ್ಕೆ ಹಸಿರು ಬಣ್ಣ ಬಳಿದರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು. ಇದೂ ಒಂದು ಬಾಣ: ಕೆಂಪು ಕಂಡವರು ಹಸಿರಿನತ್ತ ಹೋಗುತ್ತಾರೆ. ಎಷ್ಟೋ ಮಂದಿ ಹೋದರು ಕೂಡ. ಆದರೆ ಹಸಿರು ಪಂಪು ಹತ್ತಿರವಿದ್ದರೆ. ಅದು ಯಾರದೋ ಮನೆಯ ಅಂಗಳದಲ್ಲಿದ್ದರೆ ಆ ಮನೆಯವರು ಬೇಸರಿಸದಿದ್ದರೆ. ಎಳೆ ಸೊಸೆ ನಾಲ್ಕು ಮನೆ ದಾಟಿ ಕೊಡ ಹೊತ್ತು ಹೋಗಲು ಮನೆಯವರು ಬಿಟ್ಟರೆ. ಬಣ್ಣ ಮಾಸಿದ ಮೇಲೂ ನೆನಪಿದ್ದರೆ. ಆಮೇಲೆ ತೋಡಿದ ಹೊಸ ಬಾವಿಗಳಿಗೆ ಬಣ್ಣ ಬಳಿಯಲು ಎಷ್ಟೋ ಕಡೆ ಯಾರೂ ಬರಲಿಲ್ಲ. ರಸಾಯನಶಾಸ್ತ್ರದ ಪ್ರಶ್ನೆಯೊಂದು ಹೀಗೆ ನೋಡನೋಡುತ್ತ ನೆರೆಹೊರೆಯ ಪ್ರಶ್ನೆಯಾಗಿಬಿಟ್ಟಿತು.

ಆಫ್ರಿಕದ ‘ಪ್ಲೇಪಂಪ್’ ಕಥೆ ಹಲವರಿಗೆ ಗೊತ್ತಿರಬಹುದು. ಮಕ್ಕಳು ಆಡುವ ತಿರುಗಣಿಗೆ ಪಂಪು ಜೋಡಿಸಿದರೆ, ಮಕ್ಕಳು ಆಡಿದರೆ, ನೀರು ಮೇಲೇರಿ ತೊಟ್ಟಿ ತುಂಬುತ್ತದೆ ಎಂಬ ಯೋಚನೆ. 2006ರಲ್ಲಿ ಅದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ನಾಲ್ಕು ಸಾವಿರ ಪಂಪು, ಒಂದು ಕೋಟಿ ಜನಕ್ಕೆ ನೀರು ಎಂಬುದು ಗುರಿ. ಆ ಗುರಿ ಮುಟ್ಟಲು ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಬರಹವೊಂದು ಲೆಕ್ಕ ಹಾಕಿತು. ಮಕ್ಕಳು ಶಾಲೆಯಲ್ಲಿದ್ದಾಗ, ದಣಿದಾಗ, ಆಟ ಬೇಸರವಾದಾಗ ಆ ಭಾರದ ಚಕ್ರವನ್ನು ಸುತ್ತುತ್ತಿದ್ದವರು ಹೆಂಗಸರು, ವಯಸ್ಸಾದ ಹೆಂಗಸರೂ. ಹಳೆಯ ಕೈಪಂಪೇ ಇದಕ್ಕಿಂತ ಹಗುರವಾಗಿತ್ತು ಎಂದವರೂ ಇದ್ದರು. ಆದರೂ ಅವರ ಮಾತು ಮೇಲಿನವರೆಗೆ ಮುಟ್ಟಲು ವರ್ಷಗಳೇ ಹಿಡಿದವು.

ಇಂದು ಎಷ್ಟೋ ದೊಡ್ಡ ದಾನಿ ಸಂಸ್ಥೆಗಳಿಗೆ ಅರ್ಜಿ ಹಾಕುವ ಸ್ವಯಂಸೇವಾ ಸಂಸ್ಥೆ ಥಿಯರಿ ಆಫ್ ಚೇಂಜ್ ನಕ್ಷೆ ಲಗತ್ತಿಸಬೇಕು. ಕಾರ್ಯಾಗಾರಗಳಲ್ಲಿ ಕೂತವರಿಗೆ ಆ ದೃಶ್ಯ ಗೊತ್ತು: ಗೋಡೆಗೆ ಕಂದು ಹಾಳೆ, ಅದರ ಮೇಲೆ ಬಣ್ಣದ ಚೀಟಿಗಳು, ಚೀಟಿಯಿಂದ ಚೀಟಿಗೆ ಬಾಣ. ಸಂಜೆಗೆ ಫೋಟೊ. ಆ ಫೋಟೊ ಕಂಪ್ಯೂಟರಿನಲ್ಲಿ ಚೊಕ್ಕಟವಾಗಿ, ಅರ್ಜಿಯ ಅನುಬಂಧವಾಗಿ ಹೋಗುತ್ತದೆ. ಮುಂದಿನ ಮೂರು ವರ್ಷ ಯಾರೂ ಅದನ್ನು ತೆರೆಯುವುದಿಲ್ಲ. ಲಂಡನ್ನಿನ ಓಡಿಐ ಎಂಬ ಸಂಶೋಧನಾ ಸಂಸ್ಥೆಗಾಗಿ ಕ್ರೇಗ್ ವಾಲ್ಟರ್ಸ್ 2015ರಲ್ಲಿ ಬರೆದ ಪ್ರಬಂಧದ ಕಳಕಳಿಯೂ ಇದೇ: ಕಲಿಯುವುದಕ್ಕಾಗಿ ಹುಟ್ಟಿದ ಸಾಧನ ಲೆಕ್ಕ ಒಪ್ಪಿಸುವ ಇನ್ನೊಂದು ನಮೂನೆಯಾಗಿ ಒಣಗಬಾರದು. ನನ್ನ ದೂರು ಇನ್ನೂ ಒಂದು ಹೆಜ್ಜೆ ಮುಂದಕ್ಕಿದೆ. ಚೀಟಿ ಅಂಟಿಸುವ ಆ ಕೋಣೆಯಲ್ಲಿ ಯಾರಿರುತ್ತಾರೆ? ಯೋಜನಾಧಿಕಾರಿ, ಸಲಹೆಗಾರ, ಒಬ್ಬಿಬ್ಬರು ಕ್ಷೇತ್ರ ಸಿಬ್ಬಂದಿ. ಬಾಣ ಕೊನೆಗೆ ಯಾರ ಮನೆಯಲ್ಲಿ ಹೋಗಿ ನಾಟಬೇಕೋ ಅವರಿರುವುದು ಅಪರೂಪ. ‘ನಮ್ಮನೇಲಿ ಅದು ನಡೆಯೋಲ್ಲ’ ಎಂದು ಹೇಳಬಲ್ಲ ಒಬ್ಬಳು ಅಲ್ಲಿ ಕೂತಿದ್ದರೆ ಎಷ್ಟು ಬಾಣ ಅಳಿಸಿಹೋಗುತ್ತಿದ್ದವು, ಎಷ್ಟು ಹಣ ಉಳಿಯುತ್ತಿತ್ತು, ಎಷ್ಟು ಮಕ್ಕಳ ಎರಡು ವರ್ಷ ಉಳಿಯುತ್ತಿತ್ತು! ಮಗುವಿನ ಮೊದಲ ಎರಡು ವರ್ಷ ಕಳೆದರೆ ಮೈ ಬೆಳೆಯುವ ಆ ಹೊತ್ತು ಹಾಗೇ ಮರಳಿ ಬರುವುದಿಲ್ಲ. ಯೋಜನೆಯ ಎರಡನೇ ಹಂತಕ್ಕಾಗಿ ಅದು ಕಾಯುವುದಿಲ್ಲ.

ಥಿಯರಿ ಆಫ್ ಚೇಂಜ್ ಎಂಬ ಹೆಸರು ಚಾಲ್ತಿಗೆ ಬರುವ ಮೊದಲೇ, ತಮ್ಮ ಬಾಣವನ್ನು ತಾವೇ ಅಳಿಸಿ ತಿದ್ದಿ ಬರೆದವರು ನಮ್ಮಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಅನಿಲ ಘಟಕ ಹಾಕಿತು. ಮೊದಲ ನಂಬಿಕೆ: ಸಗಣಿಯಿಂದ ಅನಿಲ, ಅನಿಲದಿಂದ ಅಡುಗೆ, ಹೆಂಗಸರಿಗೆ ಸೌದೆಯ ಪಾಡು ತಪ್ಪುತ್ತದೆ. ಆದರೆ ಊರಿನ ಒಲೆಗಳಿಗೆಲ್ಲ ಸಾಲುವಷ್ಟು ಸಗಣಿ ಒದಗಲಿಲ್ಲ. ತಂಡ ಹಟ ಹಿಡಿಯಲಿಲ್ಲ. ಊರಿಗೆ ಇನ್ನೇನು ಬೇಕು ಎಂದು ನೋಡಿದಾಗ ಕಂಡದ್ದು ಕುಡಿಯುವ ನೀರು ಮತ್ತು ಬೆಳಕು. ಅದೇ ಅನಿಲವನ್ನು ಎಂಜಿನ್ನಿಗೆ ಕೊಟ್ಟು ವಿದ್ಯುತ್ತು ತೆಗೆದು, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ತಂದ ಸಗಣಿಯನ್ನು ತೂಗಿ ದುಡ್ಡು ಕೊಡುತ್ತಿದ್ದರು, ಗೊಬ್ಬರವಾದ ಬಗ್ಗಡವೂ ವಾಪಸು ಸಿಗುತ್ತಿತ್ತು. ಸಗಣಿ ಕೊಡದಿದ್ದರೆ ಸಂಜೆ ಎಲ್ಲರ ಮನೆಗೂ ಕತ್ತಲೆ, ನಲ್ಲಿಯೂ ಒಣಗುತ್ತದೆ ಎನ್ನುವುದು ಊರಿಗೇ ಗೊತ್ತಿದ್ದ ಲೆಕ್ಕ. ಅಂಥ ಲೆಕ್ಕಕ್ಕೆ ಯಾರೂ ತರಬೇತಿ ಕೊಡಬೇಕಾಗಿರಲಿಲ್ಲ.

ಈಗ ಮತ್ತೆ ಬಾಂಗ್ಲಾದೇಶದ ಅಂಗಳಕ್ಕೆ ಬರೋಣ. 2012ರಿಂದ 2014ರವರೆಗೆ ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ (ಐಎಫ್‌ಪಿಆರ್‌ಐ) ಸಂಶೋಧಕರು ವಿಶ್ವ ಆಹಾರ ಕಾರ್ಯಕ್ರಮದೊಂದಿಗೆ ಅಲ್ಲಿ ಒಂದು ಪ್ರಯೋಗ ನಡೆಸಿದರು. ಉತ್ತರ ಭಾಗದ ಬಡ ಕುಟುಂಬಗಳಲ್ಲಿ ಕೆಲವಕ್ಕೆ ತಿಂಗಳಿಗೆ 1,500 ಟಾಕಾ ಹಣ, ಕೆಲವಕ್ಕೆ ಅಷ್ಟೇ ಬೆಲೆಯ ದಿನಸಿ, ಕೆಲವಕ್ಕೆ ಹಣದ ಜೊತೆ ವಾರವಾರ ಪೌಷ್ಟಿಕತೆಯ ತರಗತಿ. ಹಿಂದಿನ ಯೋಜನೆಯಲ್ಲಿ ಕಳಚಿದ ಎರಡೂ ಕೊಂಡಿಗಳಿಗೆ ಇಲ್ಲಿ ಬೆಸುಗೆ ಹಾಕಿದ್ದರು. ತಿಳಿದದ್ದನ್ನು ಮಾಡಲು ಕೈಯಲ್ಲಿ ಕಾಸಿತ್ತು. ತರಗತಿಗಳಿಗೆ ಗಂಡನನ್ನೂ ಅತ್ತೆಯನ್ನೂ ಕರೆಯುತ್ತಿದ್ದರು. ಎರಡು ವರ್ಷದ ಕೊನೆಗೆ ಹಣ ಮಾತ್ರ ಪಡೆದ ಮನೆಗಳ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ತಗ್ಗಿದ್ದು ಕಾಣಲಿಲ್ಲ. ಹಣವೂ ತರಗತಿಯೂ ಸಿಕ್ಕಿದ ಮನೆಗಳಲ್ಲಿ ಅದು 7.3 ಶೇಕಡಾಂಶದಷ್ಟು ಇಳಿದಿತ್ತು. ಆ ಮಕ್ಕಳ ಊಟದಲ್ಲಿ ಮೊಟ್ಟೆ, ಮೀನಿನಂಥ ಪದಾರ್ಥಗಳು ಹೆಚ್ಚಾಗಿದ್ದವು.

ದಕ್ಷಿಣ ಭಾಗದಲ್ಲಿ ಅದೇ ತರಗತಿಯನ್ನು ಹಣದ ಬದಲು ದಿನಸಿಯ ಜೊತೆ ನಡೆಸಿದರು. ಅಲ್ಲಿ ಮಕ್ಕಳ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಅತ್ತೆ ಬಂದು ಚಾಪೆಯ ಮೇಲೆ ಕೂತಿದ್ದಳು, ಪಾಠವೂ ಅದೇ ಇತ್ತು. ಹಾಗಾದರೆ ಆ ಊರುಗಳ ಅಡುಗೆಮನೆಗಳಲ್ಲಿ ಇನ್ನೂ ಯಾವ ‘ರೆ’ ಉಳಿದಿತ್ತು ಎಂದು ಹುಡುಕುವವರು ಮತ್ತೆ ಅಂಗಳ ದಾಟಿ ಒಳಗೇ ಹೋಗಬೇಕು.